ಅಕ್ಷರಗಳ ಹಿಂದಿನ ನೆರಳು

"ನೀವ್ಯಾಕೆ ಬಂದ್ರಿ?"

ನೀವು! ಎರಡು ವರ್ಷ 'ಲೋ, ಕಣೋ' ಎಂದು ಕಾಡಿಸಿದವಳ ಬಾಯಲ್ಲಿ ಇವತ್ತು 'ನೀವು'! ಟೂಲ್ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಂಪ್ಯೂಟರ್ ಮೆಕ್ಯಾನಿಕ್‌ಗೆ ಕಪಾಳಕ್ಕೆ ಹೊಡೆದಂತಾಯಿತು.

"ನಿಮ್ಮಪ್ಪ ಫೋನ್ ಮಾಡಿದ್ರು. ಮಾನಿಟರ್ ಮುಂದೆ ಕೂತು ನೀನು ಅಳ್ತಿದ್ದೀಯಂತೆ. ಏನಾಗಿದೆ ನೋಡು ಅಂದ್ರು."

"ಮಾನಿಟರ್‌ಗೆ ಏನೂ ಆಗಿಲ್ಲ. ನೀವು ಹೊರಡಿ."

ಹೊರಡಿ ಎಂದಳು, ಆದರೆ ಬಾಗಿಲು ಹಾಕಲು ಕೈ ಬರಲಿಲ್ಲ. ಗಡ್ಡ ಬಿಟ್ಟಿದ್ದಾನೆ, ಕೆನ್ನೆ ಒಳಗೆ ಹೋಗಿದೆ. 'ಸರಿಯಾಗಿ ನೋಡ್ಕೋ... ಈ ಮುಖ ಇನ್ನೆಷ್ಟು ದಿನ ಕಾಣುತ್ತೋ ಏನೋ' ಎಂದಿತು ಅವಳ ಮನಸ್ಸು.

ಇವಳ ಹಠ ಎಂಥದ್ದೆಂದು ನಿಮಗೆ ಹೇಳಲೇಬೇಕು. ಮನೆಯಲ್ಲೇ ಕೂತು ಪಠ್ಯಪುಸ್ತಕಗಳಿಗೆ ಡಿಟಿಪಿ ಮಾಡುವ ಹುಡುಗಿ. ದಿನಕ್ಕೆ ಹತ್ತು ಗಂಟೆ ಅಕ್ಷರಗಳ ಜೊತೆಗೇ ಬದುಕು. ಒಂದೂವರೆ ತಿಂಗಳಿಂದ ಆ ಅಕ್ಷರಗಳೇ ಅವಳಿಗೆ ಕೈಕೊಟ್ಟಿದ್ದವು. ಪ್ರತಿ ಅಕ್ಷರದ ಬೆನ್ನಿಗೂ ಒಂದು ಮಸುಕು ನೆರಳು, ಸಾಲುಗಳಲ್ಲಿ ಸಣ್ಣ ನಡುಕ. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಬೇರೆಯವರಾಗಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಓಡುತ್ತಿದ್ದರು. ಇವಳು ಓಡಲಿಲ್ಲ. ಅವರು ಏನು ಹೇಳುತ್ತಾರೆಂದು ತನಗೆ ಗೊತ್ತೇ ಇದೆ ಅಂದುಕೊಂಡಳು. ಅಮ್ಮನಿಗೂ ಹೀಗೇ ಮಸುಕಿನಿಂದ ಶುರುವಾಗಿ, ಮೂವತ್ತೈದು ತುಂಬುವಷ್ಟರಲ್ಲಿ ಎರಡೂ ಕಣ್ಣು ಹೋಗಿದ್ದವು.

ಅದಕ್ಕೇ ಇಪ್ಪತ್ತು ದಿನದ ಹಿಂದೆ ಇವನಿಗೆ ಮೆಸೇಜ್ ಹಾಕಿದ್ದಳು: 'ನನ್ನನ್ನು ಮರೆತುಬಿಡು. ಕಾರಣ ಕೇಳಬೇಡ.' ಆಮೇಲೆ ಅವನ ಒಂದೇ ಒಂದು ಫೋನೂ ಎತ್ತಿರಲಿಲ್ಲ.

"ಬಾಗಿಲಲ್ಲೇ ಯಾಕೆ ನಿಲ್ಸಿದ್ದೀಯಮ್ಮಾ? ಬಾರಪ್ಪಾ ಒಳಗೆ!" ಹಿಂದಿನಿಂದ ಅಪ್ಪ ಕೂಗಿದರು. ಬಡಗಿ ಅಪ್ಪ, ಕೂದಲ ತುಂಬ ಮರದ ಹೊಟ್ಟು. "ಹುಟ್ಟುಹಬ್ಬಕ್ಕೆ ಆ ಹೊಸ ಮಾನಿಟರ್ ನೀನೇ ಕೊಡಿಸಿದ್ದಲ್ವಾ? ನೀನೇ ನೋಡು."

ಅವನು ಕೋಣೆಯೊಳಗೆ ಕಾಲಿಟ್ಟಾಗ ಅವಳಿಗೆ ತಟ್ಟನೆ ನೆನಪಾಯಿತು. ಅಯ್ಯೋ, ಪರದೆ ಮೇಲೆ ಆ ಪತ್ರ!

"ಬೇಡ, ನಿಲ್ಲು..."

ಅಷ್ಟರಲ್ಲಿ ಅವನು ಓದಿಯಾಗಿತ್ತು. 'ಮಾನ್ಯರೇ, ನನ್ನ ದೃಷ್ಟಿ ದಿನೇ ದಿನೇ ಕುಂದುತ್ತಿರುವುದರಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ...'

ಅವನು ನಿಧಾನವಾಗಿ ತಿರುಗಿದ. "ಇದಾ ಕಾರಣ? ರಿಪೇರಿ ಮಾಡೋನು ಅಂತ ನನ್ನ ಕಂಡು ನಿಂಗೆ ನಾಚಿಕೆ ಆಯ್ತೇನೋ ಅಂದ್ಕೊಂಡೆ ನಾನು! ಇಪ್ಪತ್ತು ದಿನ ಊಟ ಸೇರಿಲ್ಲ, ನಿದ್ದೆ ಬಂದಿಲ್ಲ..."

"ನಾಚಿಕೆನಾ? ನಿನ್ನ ಕಂಡು?" 'ನೀವು' ಎಲ್ಲಿಗೆ ಹಾರಿಹೋಯಿತೋ! "ಅಮ್ಮನ ಕೈ ಹಿಡಿದು ನಡೆಸ್ತಾ ನಡೆಸ್ತಾನೇ ನಮ್ಮಪ್ಪಂಗೆ ವಯಸ್ಸಾಗಿದ್ದು ನೋಡಿದ್ದೀನಿ ಕಣೋ. ಆ ಹೊರೆ ನಿನ್ನ ತಲೆ ಮೇಲೆ ಹಾಕ್ಲಾ? ಸತ್ರೂ ಹಾಕಲ್ಲ!"

"ಹೊರೆ?"

ಬಾಗಿಲ ಚೌಕಟ್ಟು ಹಿಡಿದು ಅಮ್ಮ ನಿಂತಿದ್ದರು.

ಅವಳು ತಟ್ಟನೆ ಬಾಗಿಲ ಕಡೆ ತಿರುಗಿದಳು. "ಅಮ್ಮಾ... ನಾನು ಹಾಗಲ್ಲ ಹೇಳಿದ್ದು..."

"ನಾನು ಹೊರೆನೇನ್ರೀ?" ಅಮ್ಮ ಕೇಳಿದ್ದು ಅಪ್ಪನನ್ನು.

"ಯಾರು, ನೀನಾ?" ಅಪ್ಪನಿಗೆ ಸಿಟ್ಟೇ ಬಂತು. "ಮರ ಕೊಳ್ಳೋಕೆ ಹೋದ್ರೆ ಬೆರಳಲ್ಲಿ ತಟ್ಟಿ, ಯಾವ್ದು ಒಳಗೆ ಟೊಳ್ಳು ಅಂತ ಹೇಳೋದು ಯಾರು? ನನ್ನ ಕಣ್ಣೊಂದೇ ನಂಬಿದ್ರೆ ಅಂಗಡಿ ಯಾವತ್ತೋ ಮುಚ್ತಿತ್ತು. ಇಬ್ಬರಿಗೂ ಸೇರಿ ಎರಡು ಕಣ್ಣಿತ್ತು, ಸಾಕಾಯ್ತು. ಹೊರೆಯಂತೆ ಹೊರೆ!"

ಅವಳು ಅಮ್ಮನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಅವಳ ತಲೆ ಸವರಿದರು.

ಇಷ್ಟೆಲ್ಲ ನಡೆಯುವಾಗ ಇವನು ಮಾತ್ರ ಪರದೆಗೆ ಮೂಗು ತಾಗಿಸಿ ನಿಂತಿದ್ದ. ಕಣ್ಣುಜ್ಜಿಕೊಂಡ. ಮತ್ತೆ ನೋಡಿದ.

"ಇಲ್ಲಿ ಬಾ. ಅಕ್ಷರದ ಬಲಗಡೆ ನೆರಳು ಕಾಣುತ್ತಾ?"

"ಹೂಂ."

"ಬೂದಿ ಬಣ್ಣದ್ದು? ಸಾಲೆಲ್ಲ ನಡುಗುತ್ತಾ?"

"ಹೂಂ ಅಂದ್ನಲ್ಲ! ಎಷ್ಟು ಸಲ ಹೇಳಿಸಿ ಸಾಯಿಸ್ತೀಯಾ?"

"ನಂಗೂ ಕಾಣ್ತಿದೆ ಕಣೇ."

"...ಏನು?"

"ಆ ನೆರಳು. ನಂಗೂ ಕಾಣ್ತಿದೆ!"

ಅವಳು ಪರದೆಯನ್ನೂ ಅವನ ಮುಖವನ್ನೂ ಮತ್ತೆ ಮತ್ತೆ ನೋಡಿದಳು. ನಿಜ ಹೇಳಬೇಕೆಂದರೆ, ಅವಳ ಪರದೆಯನ್ನು ಇಷ್ಟು ದಿನ ಇನ್ನೊಬ್ಬರು ನೋಡಿಯೇ ಇರಲಿಲ್ಲ. ಅಮ್ಮನಿಗೆ ಕಾಣದು. ಅಪ್ಪನಿಗೆ ಕನ್ನಡಕವಿಲ್ಲದೆ ಎಲ್ಲವೂ ಮಸುಕೇ. ಪರದೆ ಬಿಟ್ಟರೆ ಬೇರೆಲ್ಲ ಸರಿಯಾಗೇ ಕಾಣುತ್ತಿದೆ ಎಂಬುದನ್ನು ಹೆದರಿಕೆಯಲ್ಲಿ ಇವಳೂ ಗಮನಿಸಿರಲಿಲ್ಲ. ಅವನು ಪ್ರೀತಿಯಿಂದ ಕೊಟ್ಟ ವಸ್ತುವಿನಲ್ಲಿ ದೋಷವಿರಬಹುದೆಂದು ಇವಳಿಗೆ ಹೊಳೆಯಲೇ ಇಲ್ಲ.

ಅವನು ಮಾನಿಟರಿನ ಹಿಂದೆ ಬಗ್ಗಿದ. "ಈ ವೈರ್ ಸಿಕ್ಕಿಸಿದ್ದು ಯಾರು?"

"ನಾನೇ!" ಅಪ್ಪ ಎದೆಯುಬ್ಬಿಸಿದರು. "ನೀನು ಇದನ್ನ ಕೊಟ್ಟು ಒಂದು ತಿಂಗಳು ಬೇರೆ ಊರಿಗೆ ಕೆಲಸಕ್ಕೆ ಹೋದ್ಯಲ್ಲ. ಹಳೇ ಮಾನಿಟರಿನ ವೈರೇ ಹಾಕ್ದೆ. ಎರಡು ಸ್ಕ್ರೂ ಇದೆ ನೋಡು, ಗಟ್ಟಿ! ಬಾಕ್ಸಲ್ಲಿದ್ದ ವೈರಿಗೆ ಒಂದು ಸ್ಕ್ರೂನೂ ಇಲ್ಲ. ಅದೆಲ್ಲಿ ನಿಲ್ಲುತ್ತೆ?"

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಂಕಲ್, ಇದು ವಿಜಿಎ ವೈರ್, ಹಳೇ ಕಾಲದ್ದು. ಆ ಚಿಕ್ಕ ಪರದೆಗೆ ಸಾಕಿತ್ತು. ಇಷ್ಟು ದೊಡ್ಡದಕ್ಕೆ ಚಿತ್ರ ಬಂದು ಸೇರೋಷ್ಟರಲ್ಲಿ ಕಲಸಿಹೋಗಿದೆ. ವೈರೂ ಸವೆದಿದೆ."

"ಟಿವಿಗೆ ಹಾಕ್ತಾರಲ್ಲ, ಎಚ್‌ಡಿಎಂಐ... ಅದು ಬೇಕಿತ್ತಾ?" ಅವಳ ದನಿ ಮೇಲೇಳಲಿಲ್ಲ. ಆಸೆಪಡಲೂ ಹೆದರಿಕೆ ಪಾಪ.

"ಅದೂ ಆಗ್ತಿತ್ತು. ಆದ್ರೆ ನಿನ್ನ ಕಂಪ್ಯೂಟರಲ್ಲಿ ಅದನ್ನ ಹಾಕೋ ಜಾಗನೇ ಇಲ್ಲ. ವಿಜಿಎ ಬಿಟ್ರೆ ಎರಡು ಕಡೆನೂ ಇರೋದು ಡಿಸ್‌ಪ್ಲೇ ಪೋರ್ಟ್ ಅನ್ನೋ ಕಿಂಡಿ. ಅದನ್ನ ನೋಡ್ಕೊಂಡೇ ಅದರ ಕೇಬಲ್ ಬಾಕ್ಸಲ್ಲಿ ಇಟ್ಟಿದ್ದೆ."

ಅಪ್ಪ ಬೀರುವಿನ ಮೇಲಿಂದ ಬಾಕ್ಸ್ ಇಳಿಸಿದರು. ಕೇಬಲ್ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಅವನು ಹಳೆಯದರ ಸ್ಕ್ರೂ ತಿರುಗಿಸಿ ತೆಗೆದ. ಪರದೆ ಕಪ್ಪಾಯಿತು. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ಹೊಸ ಕೇಬಲ್ ಟಕ್ಕೆಂದು ಕೂತ ಸದ್ದು.

"ಕಣ್ಣು ಬಿಡು."

"ಭಯ ಆಗ್ತಿದೆ... ಹಾಗೇ ಕಂಡ್ರೆ?"

"ಹಾಗೇ ಕಂಡ್ರೂ ನಾನು ಇಲ್ಲೇ ಇರ್ತೀನಿ. ಇವತ್ತಷ್ಟೇ ಅಲ್ಲ, ಯಾವತ್ತೂ. ಇದನ್ನ ಮೊದಲು ತಲೆಗೆ ಹಾಕ್ಕೋ. ಆಮೇಲೆ ಕಣ್ಣು ಬಿಡು."

ಅವಳು ಆ ಮಾತು ತಲೆಗೆ ಹಾಕಿಕೊಂಡಳು. ಆಮೇಲೆ ಕಣ್ಣು ಬಿಟ್ಟಳು.

ನೆರಳಿಲ್ಲ. ನಡುಕವಿಲ್ಲ. 'ದೃಷ್ಟಿ' ಎಂಬ ಪದದ ಒತ್ತಕ್ಷರ ಕೂಡ ಸ್ವಚ್ಛ, ಈಗಷ್ಟೇ ಅಚ್ಚು ಹಾಕಿದಂತೆ!

"ಕಾಣ್ತಿದೆ... ಅಮ್ಮಾ, ಕಾಣ್ತಿದೆ!" ಮರುಕ್ಷಣವೇ ಗಾಬರಿ. "ಅಯ್ಯೋ, ಮತ್ತೆ ಮಸುಕಾಯ್ತು ಕಣೋ!"

"ಅದು ಅಳು ಕಣೇ ಪೆದ್ದಿ. ಒರೆಸ್ಕೋ."

ಅಮ್ಮ ನಕ್ಕುಬಿಟ್ಟರು. ಅಪ್ಪನೂ ನಕ್ಕರು, ಕಣ್ಣೊರೆಸಿಕೊಳ್ಳುತ್ತಾ.

"ಆದ್ರೂ ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ," ಎಂದ ಅವನು. "ಇಬ್ಬರೂ."

"ಅವರು ಬೇರೆ ಏನಾದ್ರೂ ಹೇಳಿದ್ರೆ?"

"ಇಬ್ಬರಿಗೂ ಸೇರಿ ಎರಡು ಕಣ್ಣಾದ್ರೂ ಇರುತ್ತಲ್ಲ."

ಅವಳು ಕುರ್ಚಿಯಲ್ಲಿ ಕೂತು ರಾಜೀನಾಮೆ ಪತ್ರ ಅಳಿಸಿದಳು, ಒಂದೊಂದೇ ಅಕ್ಷರ, ಬೇಕೆಂದೇ ನಿಧಾನವಾಗಿ.

ಅಪ್ಪನಿಗೆ ಮಾತ್ರ ಇನ್ನೂ ಅನುಮಾನ. ಹೊಸ ಕೇಬಲ್ ಹಿಡಿದು ಒಮ್ಮೆ ಜಗ್ಗಿದರು. "ಸ್ಕ್ರೂ ಇಲ್ದೇ ಇದು ನಿಲ್ಲುತ್ತೇನೋ?"

"ಒಳಗೆ ಕೊಕ್ಕೆ ಇದೆ ಮಾವ. ಎಳೆದ್ರೆ ಬಿಡಲ್ಲ."

ಮಾವ! ಮೊದಲ ಸಲ ಅವನ ಬಾಯಲ್ಲಿ 'ಮಾವ'. ಅಪ್ಪ ಉಳಿ ಎಲ್ಲೋ ಮರೆತು ಬಂದವರಂತೆ ಅಮ್ಮನ ಕೈ ಹಿಡಿದು ಹೊರಗೆ ಹೋದರು.

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಗಡ್ಡದ ಒಂದೊಂದು ಕೂದಲೂ ಕಾಣುತ್ತಿತ್ತು.

"ನೀನೂ ಹಾಗೇನಾ?"

"ಇಪ್ಪತ್ತು ದಿನ ಎಳೆದು ನೋಡಿದ್ಯಲ್ಲ," ಎಂದ ಅವನು. "ಬಿಟ್ನಾ?"