ಅವಳು ಒತ್ತಿದ ‘ಹೌದು’

ಪರಾಗನ ದನಿಯನ್ನು ಪೂನಮ್ ಮೊದಲ ಸಲ ಕೇಳಿದಾಗ, ಅವನ ಮೇಲೆ ಸುಳ್ಳು ದೂರು ಕೊಟ್ಟು ಆಗಲೇ ಮೂರು ತಾಸಾಗಿತ್ತು.

ಪೂನಮ್ ಬೆಳಗಾವಿಯ ನೆಹರು ನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೊಥೆರಪಿಸ್ಟ್. ಜೊತೆಗೆ ಕೆಲಸ ಮಾಡುವ ಸಮೃದ್ಧಿಯ ಮದುವೆ ಉಡುಗೊರೆಗೆಂದು ಎಲ್ಲರೂ ಹದಿನಾಲ್ಕು ಸಾವಿರ ಕೂಡಿಸಿ ಇವಳಿಗೆ ಒಪ್ಪಿಸಿದ್ದರು. ಊಟದ ಹೊತ್ತಿನಲ್ಲಿ, ಅಂಗಡಿಯವನಿಗೆ ವಾಲೆಟ್‌ನಿಂದ ಹಣ ಕಳಿಸುವಾಗ ಮೊಬೈಲ್ ನಂಬರಿನ ಒಂದು ಅಂಕಿ ತಪ್ಪಿತು. ಹೆಸರು ಓದುವ ಮೊದಲೇ ಬೆರಳು ಒತ್ತಿಬಿಟ್ಟಿತ್ತು. ಹಣ ಯಾರೋ ಪರಾಗ ಎಂಬವನಿಗೆ ಹೋಗಿತ್ತು.

ಆ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಆ್ಯಪ್‌ನ ಸಹಾಯದ ಪುಟ ತೆರೆದರೆ, ತಪ್ಪಿ ಕಳಿಸಿದ ಹಣ ಪಡೆದವರು ಒಪ್ಪಿದರೆ ಮಾತ್ರ ಮರಳುತ್ತದೆ, ಎಷ್ಟು ದಿನವಾದರೂ ಆಗಬಹುದು ಎಂದಿತ್ತು. ಅದರ ಕೆಳಗೇ ಇನ್ನೊಂದು ಪ್ರಶ್ನೆ: ನಿಮಗೆ ಯಾರಾದರೂ ಮೋಸ ಮಾಡಿದ್ದಾರೆಯೇ? ಅದಕ್ಕಾದರೆ ತಕ್ಷಣ ಕ್ರಮ.

ನಾಳೆ ಎಲ್ಲರೂ ಉಡುಗೊರೆ ಎಲ್ಲಿ ಎಂದು ಕೇಳುತ್ತಾರೆ. ಪೂನಮ್ ‘ಹೌದು’ ಒತ್ತಿದಳು. ಅಂಗಡಿಯವನ ಹೆಸರು ಹೇಳಿ ಒಬ್ಬ ಫೋನ್ ಮಾಡಿ ಹಣ ಹಾಕಿಸಿಕೊಂಡ ಎಂದು ಎರಡು ಸಾಲು ಬರೆದಳು. ಫೋನ್ ಎತ್ತದವನು ಕಳ್ಳನೇ ಇದ್ದಾನು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಸಂಜೆ ಅವನೇ ಫೋನ್ ಮಾಡಿದ. ಖಾನಾಪುರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವನಂತೆ. ಸ್ವರ ಕೂಡಿಸುವಾಗ ಮೊಬೈಲಿನ ದನಿ ಬಂದ್ ಇಡುತ್ತಾನಂತೆ.

“ನಿಮ್ಮ ರೊಕ್ಕ ನನ್ನ ಕಡೆ ಬಂದದ ರೀ. ತಿರುಗಿ ಕಳಸ್ಲಿಕ್ಕೆ ನೋಡಿದೆ, ಹೋಗವಲ್ದು. ನನ್ನ ಅಕೌಂಟೇ ಬಂದ್ ಆಗ್ಯದ. ನಾಳೆ ನಾನ ಬಂದು ಕೈಯಾಗ ಕೊಡ್ತೀನಿ. ಚಿಂತಿ ಮಾಡಬ್ಯಾಡ್ರಿ.”

ಆ ರಾತ್ರಿ ಶಿವಬಸವ ನಗರದ ಮನೆಯಲ್ಲಿ ಪೂನಮ್‌ಳ ತಾಯಿ ಶಾಂತಮ್ಮ ಮೈ ಸರಿಯಿಲ್ಲವೇನು ಎಂದು ಎರಡು ಸಲ ಮಗಳ ಹಣೆ ಮುಟ್ಟಿ ನೋಡಿದರು.

ಮರುದಿನ ಅವನು ಕ್ಲಿನಿಕ್ಕಿನ ಎದುರಿನ ಚಹಾದಂಗಡಿಗೆ ಬಂದ. ಅಂಗಿಯ ತೋಳಿಗೆ ಕಟ್ಟಿಗೆಯ ಪುಡಿ ಹತ್ತಿತ್ತು. ಬಿಡಿಭಾಗ ತರಲು ಇಟ್ಟುಕೊಂಡಿದ್ದ ತನ್ನದೇ ಹಣವನ್ನು ಲಕೋಟೆಯಲ್ಲಿ ಹಾಕಿ ತಂದಿದ್ದ. ಪೂನಮ್ ಅದನ್ನು ಹಾಗೆಯೇ ಬ್ಯಾಗಿಗೆ ಸೇರಿಸಹೋದಳು.

“ಎಣಿಸ್ರಿ. ನಾ ಮೋಸಗಾರ ಇದ್ದರ?” ಎಂದು ಅವನು ನಕ್ಕ.

ಅವಳ ಮುಖಕ್ಕೆ ರಕ್ತ ನುಗ್ಗಿತು. ಅವನು ಅದನ್ನು ನಾಚಿಕೆ ಎಂದು ತಿಳಿದನೇನೋ. ಸಂಕೋಚದಿಂದ ಚಹಾದ ಗ್ಲಾಸಿನತ್ತ ಕಣ್ಣು ತಿರುಗಿಸಿದ. ಒಂದು ಗುಟುಕು ಕುಡಿದು, ತಡೆಯಲಾರದೆ ಮತ್ತೊಮ್ಮೆ ನೋಡಿದ. ಆ ನೋಟ ಅವಳ ಎದೆಯಲ್ಲಿ ಹೂವಿನಂತೆಯೂ ಇಳಿಯಿತು, ಮುಳ್ಳಿನಂತೆಯೂ ಇಳಿಯಿತು.

ಹೋಗುವಾಗ, ತನಗೆ ಈ ಆ್ಯಪ್‌ಗಳು ಅಷ್ಟು ತಿಳಿಯುವುದಿಲ್ಲ, ಅಕೌಂಟ್ ಬಿಡಿಸಲು ಸಹಾಯ ಮಾಡುವಿರಾ ಎಂದು ಕೇಳಿದ. ಆಗಲೇ ಹೇಳಿಬಿಡಬೇಕಿತ್ತು. ಪೂನಮ್ ಹೂಂ ಅಂದಳು.

ಆಮೇಲಿನ ನಾಲ್ಕು ವಾರ ಅವಳ ಬಾಳಿನ ಅತಿ ಸಿಹಿಯಾದ ವಾರಗಳಾಗಿದ್ದವು, ಅತಿ ಹೇಸಿಗೆಯವೂ ಆಗಿದ್ದವು. ವಾರದಲ್ಲಿ ಎರಡು ಸಂಜೆ ಅವನು ಬೆಳಗಾವಿಗೆ ಬರುತ್ತಿದ್ದ, ರಜೆಯ ದಿನವಾದ ಐತವಾರ ಅವಳು ಖಾನಾಪುರದ ರೈಲು ಹತ್ತುತ್ತಿದ್ದಳು. ಪ್ಯಾನ್ ಕಾರ್ಡ್ ಮತ್ತೆ ಮತ್ತೆ ಹಾಕಿದರು, ಆಧಾರ್ ಜೋಡಿಸಿದರು, ಸಹಾಯವಾಣಿಯ ಸಂಗೀತ ಕೇಳುತ್ತ ಅರ್ಧರ್ಧ ತಾಸು ಕುಳಿತರು. ಮುಖದ ಫೋಟೊ ತೆಗೆಯುವಾಗ ಆ್ಯಪ್ ಕಣ್ಣು ಮಿಟುಕಿಸಿ ಎಂದರೆ ಪರಾಗ ಒಂದೇ ಕಣ್ಣು ಮಿಟುಕಿಸಿದ, ಅದೂ ಅವಳತ್ತ. ಮುಖ ಹೊಂದುತ್ತಿಲ್ಲ ಎಂದು ಆ್ಯಪ್ ತಿರಸ್ಕರಿಸಿತು.

“ನನ್ನ ಮಾರಿ ಮ್ಯಾಲೆ ಫೋನಿಗೂ ನಂಬಿಗಿಲ್ಲ ನೋಡ್ರಿ.”

“ನನಗೈತಿ,” ಎಂದಳು ಪೂನಮ್, ಯೋಚಿಸದೆ. ಇಬ್ಬರೂ ಬಹಳ ಹೊತ್ತು ಫೋನಿನತ್ತಲೇ ನೋಡುತ್ತಿದ್ದರು.

ಯಾವ ಕಾಗದ ಹಾಕಿದರೂ ಬರುತ್ತಿದ್ದ ಉತ್ತರ ಒಂದೇ: ದೂರು ಪರಿಶೀಲನೆಯಲ್ಲಿದೆ. ದೂರು ಕೊಟ್ಟವರ ಹೆಸರನ್ನು ಕಂಪನಿ ಹೇಳುತ್ತಿರಲಿಲ್ಲ. ದೂರು ಹಿಂದಕ್ಕೆ ಪಡೆಯುವ ದಾರಿ ಪೂನಮ್‌ಗೆ ಗೊತ್ತಿತ್ತು. ನಾನು ಬರೆದದ್ದು ಸುಳ್ಳು ಎಂದು ಸಹಿ ಮಾಡಿದ ಪತ್ರ ಕಳಿಸಬೇಕು, ಅದರ ಪ್ರತಿ ಅವನಿಗೂ ಹೋಗುತ್ತದೆ. ಎರಡು ಸಲ ಬರೆದಳು, ಎರಡು ಸಲವೂ ಅಳಿಸಿದಳು. ಖಾನಾಪುರದ ಮನೆಯಲ್ಲಿ ಅವನು ಆಯಿ ಎಂದು ಕರೆಯುವ ತಾಯಿ ಸುಲಭಾ, ಬೇರೆ ಮನೆಯ ಹುಡುಗಿ ಮಗನಿಗಾಗಿ ಇಷ್ಟು ಓಡಾಡುತ್ತಾಳೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಹೊಗಳಿಕೆ ಕೇಳುವಾಗ ಪೂನಮ್‌ಗೆ ಕುಳಿತ ಕುರ್ಚಿಯೇ ಚುಚ್ಚುತ್ತಿತ್ತು.

ನಾಲ್ಕನೆಯ ಐತವಾರ ಪರಾಗನ ಅಂಗಡಿಗೆ ಬಿಂದುಮಾಧವ ಮಾಸ್ತರರು ಬಂದರು. ಪರಾಗನಿಗೆ ಸಂಗೀತ ಕಲಿಸಿದ ಹಿರಿಯರು. ರಿಪೇರಿಯಾದ ಹಾರ್ಮೋನಿಯಂ ನುಡಿಸಿ ತಲೆದೂಗಿದರು, ಹಣ ಕೊಡಲು ಫೋನ್ ತೆಗೆದರು. ಹಣ ಹೋಗಲಿಲ್ಲ. ಪರದೆಯಲ್ಲಿ ಬಂದದ್ದನ್ನು ಕನ್ನಡಕ ಏರಿಸಿ ಓದಿದರು.

“ಪರಾಗಾ, ಇದರಾಗ ನಿನ್ನ ಮ್ಯಾಲೆ ಮೋಸದ ತಕರಾರು ಅದ ಅಂತದಲ್ಲೋ. ಪ್ಯಾಟ್ಯಾಗ ಮಂದಿ ಅನ್ನೂದು ಖರೇ ಏನು?”

ಪರಾಗ ನಗಲು ನೋಡಿದ. ಆಗಲಿಲ್ಲ. ಕಿವಿ ಕೆಂಪಾಗಿ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ತಿರುಗಿಸುತ್ತ ನಿಂತ. ತಾನು ಪಡಬೇಕಾದ ಅವಮಾನವನ್ನು ಅವನ ಮುಖದಲ್ಲಿ ನೋಡುತ್ತ ಕುಳಿತಿರಲು ಪೂನಮ್‌ಗೆ ಸಾಧ್ಯವಾಗಲಿಲ್ಲ. ಎದ್ದು ನಿಂತಳು.

“ಆ ತಕರಾರು ಬರದಾಕಿ ನಾನರೀ, ಸರ. ಇವರದೇನೂ ತಪ್ಪಿಲ್ಲ. ರೊಕ್ಕ ನಾನ ತಪ್ಪಿಸಿ ಕಳಿಸಿದ್ದೆ. ಲಗೂನ ತಿರುಗಿ ಬರಲಿ ಅಂತ ಸುಳ್ಳು ಬರದೆ.”

ಮಾಸ್ತರರು ಫೋನ್ ಜೇಬಿಗಿಟ್ಟು ಹೊರಗೆ ಹೋದರು. ಪರಾಗ ಸ್ಕ್ರೂ ಡ್ರೈವರ್ ಕೆಳಗಿಟ್ಟ.

“ನಾಕು ವಾರ ನನ್ನ ಬಾಜೂಕ ಕೂತು ಫಾರ್ಮ್ ತುಂಬಿದ್ರಿ,” ಎಂದ ಮೆಲ್ಲಗೆ.

ಅವಳು ತಲೆ ತಗ್ಗಿಸಿದಳು. ಅವನು ಗೋಡೆಯ ಗಡಿಯಾರ ನೋಡಿ, ರೈಲಿನ ಹೊತ್ತಾಯಿತು ಅಂದ. ಪ್ರತಿ ಸಲ ಸ್ಟೇಶನ್‌ವರೆಗೆ ಬರುತ್ತಿದ್ದವನು ಅಂದು ಬಾಗಿಲವರೆಗೂ ಬರಲಿಲ್ಲ.

ರೈಲು ದೇಸೂರು ದಾಟುವಷ್ಟರಲ್ಲಿ ಪೂನಮ್ ಪತ್ರ ಬರೆದು ಕಳಿಸಿಬಿಟ್ಟಿದ್ದಳು. ಸೋಮವಾರ ಕ್ಲಿನಿಕ್ಕಿನಲ್ಲಿ ಸಮೃದ್ಧಿಗೂ ನಿಜ ಹೇಳಿದಳು. ಪರಾಗನ ಅಕೌಂಟ್ ತೆರೆದಿದೆ ಎಂದು ಮೂರನೆಯ ದಿನ ಕಂಪನಿಯ ಮೇಲ್ ಬಂತು. ಅದೇ ಮೇಲ್‌ನಲ್ಲಿ, ಸುಳ್ಳು ದೂರಿಗಾಗಿ ಅವಳ ವಾಲೆಟನ್ನು ಆರು ತಿಂಗಳು ನಿಲ್ಲಿಸಲಾಗಿದೆ ಎಂದಿತ್ತು. ಬಾಳೆಹಣ್ಣಿನ ಗಾಡಿಯವನು ಸ್ಕ್ಯಾನ್ ಮಾಡ್ರಿ ಅಂದರೆ, ಆಗುವುದಿಲ್ಲ ಎಂದು ಚಿಲ್ಲರೆ ಹುಡುಕುತ್ತ ನಿಲ್ಲುವಾಗ ಅವಳಿಗೆ ನಾಲ್ಕು ವಾರ ಪರಾಗ ಹೇಗಿದ್ದ ಎಂಬುದು ತಿಳಿಯಿತು. ಅವನಿಗೆ ಫೋನ್ ಮಾಡುವ ಧೈರ್ಯ ಮಾತ್ರ ಬರಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಕೆಲಸ ಮುಗಿಸಿ ಹೊರಗೆ ಬಂದರೆ, ಗೇಟಿನ ಬಳಿ ಅವನು ನಿಂತಿದ್ದ.

“ಸಿಟ್ಟು ಬಂದಿತ್ತು. ಇನ್ನೂ ಅದ,” ಎಂದ. “ಆದ್ರ ಐತವಾರ ಬಂತಂದ್ರ ಕಣ್ಣು ಬಾಗಲದ ಕಡೇನ ಹೋಗ್ತಾವ. ಏನ್ ಮಾಡ್ಲಿ ಹೇಳ್ರಿ.”

ತನಗೂ ಐತವಾರಗಳು ಕಳೆಯುವುದಿಲ್ಲ ಎಂದು ಪೂನಮ್ ನೆಲ ನೋಡುತ್ತ ಹೇಳಿದಳು. ಅವನು ಒಂದೇ ಒಂದು ಕೇಳಿದ. ತಾಯಿಗೆ ತಾನು ಏನೂ ಹೇಳಿಲ್ಲ, ಅವಳೇ ಬಂದು ಹೇಳಬೇಕು.

ಅವಳು ಹೋದಳು. ಸುಲಭಾ ಅವರ ಎದುರು ಚಾಪೆಯ ಮೇಲೆ ಕುಳಿತು, ಅಂಕಿ ತಪ್ಪಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ತನಗೆ ಅನುಕೂಲವಾಗುವ ಒಂದು ಮಾತನ್ನೂ ಸೇರಿಸಲಿಲ್ಲ. ಆಯಿಯ ಮುಖ ಕಲ್ಲಾಯಿತು.

“ನನ್ನ ಮಗ ಒಂದು ತಿಂಗಳು ಊರಾಗ ತಲಿ ತಗ್ಗಿಸಿ ಅಡ್ಡಾಡಿದ. ನಾ ನಿನ್ನ ಹೆಸರಿಲೆ ದಿನಾ ದೇವರಿಗೆ ದೀಪ ಹಚ್ಚಿದೆ.”

ಅಷ್ಟು ಹೇಳಿ ಅಡಿಗೆಮನೆಗೆ ಎದ್ದು ಹೋದರು. ಪೂನಮ್ ಕಣ್ಣೊರೆಸಿಕೊಂಡು, ಹೊರಡುತ್ತೇನೆ ಎಂದು ಏಳಹೋದಳು. ಪರಾಗ ಅವಳ ಕೈ ಹಿಡಿದು ಕೂರಿಸಿದ. ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

“ಆಯಿ ಸಿಟ್ಟು ಇಳೀಲಿಕ್ಕೆ ಟೈಮ್ ಹಿಡೀತದ. ಮುಂದಿನ ಐತವಾರ ಬಾ. ಅದರ ಮುಂದಿನ ಐತವಾರನೂ ಬಾ.”

ಅವನು ‘ನೀವು’ ಬಿಟ್ಟದ್ದು ಅವಳಿಗೆ ಒಂದು ಕ್ಷಣದ ಮೇಲೆ ಹೊಳೆಯಿತು. “ಎಷ್ಟು ಐತವಾರ?” ಎಂದು ಕೇಳಿದಳು.

“ಎಣಿಸಬ್ಯಾಡ.”

ಒಳಗೆ ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಸ್ವಲ್ಪ ಹೊತ್ತಿಗೆ ಸುಲಭಾ ಅವರ ದನಿ ಬಂತು, ಇನ್ನೂ ಬಿರುಸಾಗಿಯೇ: “ಅಕಿಗೆ ಉಳ್ಳಾಗಡ್ಡಿ ನಡೀತದೇನು, ಕೇಳು.”

ಪೂನಮ್ ಬಾಯಿ ತೆರೆಯುವ ಮೊದಲೇ ಪರಾಗ, “ನಡ್ಯಂಗಿಲ್ಲ ಆಯಿ. ಬಟಾಟಿನೂ ನಡ್ಯಂಗಿಲ್ಲ,” ಎಂದು ಕೂಗಿ ಹೇಳಿದ.

ಈರುಳ್ಳಿ, ಆಲೂಗಡ್ಡೆ ತಿನ್ನದ ತನ್ನ ಜೈನ ಮನೆಯ ಊಟದ ಕಟ್ಟುಗಳನ್ನು ಅವಳು ಅವನಿಗೆ ಎಂದೂ ಹೇಳಿರಲಿಲ್ಲ. ಆ ಎಲ್ಲ ಸಂಜೆಗಳಲ್ಲಿ ಅವನು ಫೋನಿನ ಪರದೆಯನ್ನಷ್ಟೇ ನೋಡುತ್ತಿರಲಿಲ್ಲ.