ಅವ್ವನ ಗದ್ದದ ಚುಕ್ಕಿ

ಮೌನೇಶ್ವರಿ ಹೊಸ ಪ್ರಿಂಟನ್ನು ದೇವಿಂದ್ರನ ಸ್ಟುಡಿಯೊ ಟೇಬಲ್ ಮೇಲೆ ಎಸೆದಳು. "ಇಕಿ ಯಾರ್ರೀ?"

"ನಿಮ್ಮವ್ವ ಅಲ್ಲೇನ್ರಿ?"

"ನಮ್ಮವ್ವನ ಗದ್ದದ ಮ್ಯಾಲ ಮೂರು ಹಚ್ಚಿಚುಕ್ಕಿ ಇದ್ದವು. ನಿಮ್ಮ ಕಣ್ಣಿಗಿ ಅವು ಧೂಳ ಕಂಡವೇನು?"

ಶಹಾಪುರ ಬಸ್ ನಿಲ್ದಾಣದೆದುರಿನ ಆ ಪುಟ್ಟ ಅಂಗಡಿಯಲ್ಲಿ ಕುಳಿತಿದ್ದ ಗಿರಾಕಿ ಮೆಲ್ಲಗೆ ಎದ್ದು ಹೋದ. ತೀರಿಹೋದ ಅವ್ವನದೆಂದು ಮೌನೇಶ್ವರಿಯ ಬಳಿ ಇದ್ದದ್ದು ಅದೊಂದೇ ಫೋಟೊ. ಟ್ರಂಕಿನ ತಳದಲ್ಲಿ ಧೂಳು ಮೆತ್ತಿಕೊಂಡಿತ್ತು. ಸ್ವಚ್ಛ ಮಾಡಿಕೊಡಲೆಂದು ನಂಬಿ ಕೊಟ್ಟರೆ, ಇವನು ಧೂಳಿನ ಜೊತೆ ಅವ್ವನನ್ನೂ ಒರೆಸಿಬಿಟ್ಟಿದ್ದ.

"ಹಸಿ ಬಟ್ಟಿಲೆ ತಿಕ್ಕೀರೇನು? ಅಸಲಿ ಫೋಟೊ ಕೆಟ್ಟಿದ್ರ ನಾ ಇಲ್ಲಿಂದ ಹೋಗಂಗಿಲ್ಲ."

"ಹೋಗಬ್ಯಾಡ್ರಿ, ಟೀಚರ್." ಬಂದ ಹೆಣ್ಣುಮಕ್ಕಳಿಗೆಲ್ಲ 'ಅಕ್ಕಾರ' ಎನ್ನುವವನು ಇವಳಿಗೆ ಮಾತ್ರ ಟೀಚರ್ ಎನ್ನುತ್ತಿದ್ದ. ನಗು ನುಂಗಿ ಡ್ರಾವರಿನಿಂದ ಅಸಲಿ ಫೋಟೊ ತೆಗೆದ. ಹಚ್ಚೆಯ ಮೂರೂ ಚುಕ್ಕಿಗಳು ಹಾಗೇ ಇದ್ದವು. "ಕಂಪ್ಯೂಟರಿನ್ಯಾಗ ಧೂಳ ತೆಗಿಯೋ ಬಟನ್ ಒತ್ತಿದ್ದೆ. ಹಚ್ಚಿ ಯಾವುದು, ಹೊಲಸು ಯಾವುದು ಅದಕ ಗೊತ್ತಾಗಂಗಿಲ್ಲ."

"ಅದಕ ಗೊತ್ತಿಲ್ಲ. ನಿಮಗ?"

ಅವನು ಸ್ಕ್ಯಾನರಿನ ಗಾಜನ್ನು ಒಣಬಟ್ಟೆಯಿಂದ ಒರೆಸಿದ. ಫೋಟೊ ಮೇಲೆ ಮೆತ್ತನೆ ಬ್ರಷ್ ಆಡಿಸಿ ಮತ್ತೆ ಸ್ಕ್ಯಾನ್ ಮಾಡಿದ. ಪಕ್ಕಕ್ಕೊಂದು ಸ್ಟೂಲ್ ಎಳೆದ. "ಈಗ ಒಂದೊಂದೇ ಕೈಲೇ ತೆಗಿತೀನಿ. ಯಾವುದು ಧೂಳ, ನೀವ ಹೇಳ್ರಿ."

ಸಿಟ್ಟಿನಲ್ಲೇ ಕುಳಿತಳು. "ಅದು ಧೂಳ. ಅದೂ ಧೂಳ. ಅದರ ಸನೀಕ ಹೋದೀರಿ ಮತ್ತ, ಅದು ಅವ್ವನ ಮೂಗುಬಟ್ಟು."

ಅವಳ ಅಪ್ಪಣೆಯಿಲ್ಲದೆ ಮೌಸ್ ಅಲುಗಲಿಲ್ಲ.

ಅವ್ವನ ತೊಡೆಯ ಮೇಲೆ ಕುಳಿತ ಕೂಸು, ಅಂದರೆ ತಾನು, ಪರದೆಗೆ ಬಂದಾಗ ಅವಳಿಗೇನೋ ಹೊಳೆಯಿತು. ಕೆಟ್ಟ ಪ್ರಿಂಟನ್ನು ಮತ್ತೆ ಕೈಗೆತ್ತಿಕೊಂಡಳು. ಅದರಲ್ಲಿ ಕೂಸಿನ ತುಟಿಯ ಮೇಲಿನ ಮಚ್ಚೆ ಎದ್ದು ಕಾಣುತ್ತಿತ್ತು.

"ನಿಮ್ಮ ಬಟನ್ ಅವ್ವನ ಚುಕ್ಕಿ ಎಲ್ಲಾ ತಿಂದೈತಿ. ನನ್ನ ಮಚ್ಚಿ ಹೆಂಗ ಉಳೀತು?"

ದೇವಿಂದ್ರನ ಕಿವಿಗಳು ಕೆಂಪಾದವು. "ಅದನ್ನೂ ತಿಂದಿತ್ತು. ನಾ ವಾಪಸ್ ಇಟ್ಟೀನಿ."

"ಅದು ಧೂಳ ಅಲ್ಲಂತ ಯಾರು ಹೇಳಿದ್ರು?"

"ಯಾರು ಹೇಳಬೇಕ್ರಿ? ಸುರಪುರ ಬಸ್ಸಿಗಿ ದಿನಾ ನನ್ನ ಅಂಗಡಿ ಮುಂದ ನಿಂದ್ರತೀರಿ. ನೋಡಾಕತ್ತೇನಿ."

ಮೌನೇಶ್ವರಿಯ ಕೈ ತಾನಾಗಿ ತುಟಿಯ ಮೇಲಿನ ಮಚ್ಚೆಗೆ ಹೋಯಿತು. ಅದಕ್ಕೂ ಸಿಟ್ಟು ಬಂತು. "ಮಗಳ ಮಚ್ಚಿ ನೋಡೋ ಕಣ್ಣಿಗಿ ಅವ್ವನ ಹಚ್ಚಿ ಕಾಣಲಿಲ್ಲ. ಎಂಥಾ ಅಳಿಯ ಸಿಕ್ಕಾನ..."

ನಾಲಿಗೆ ಕಚ್ಚಿಕೊಂಡಳು.

ಮೌಸ್ ನಿಂತಿತು. "ಏನಂದ್ರಿ, ಟೀಚರ್?"

"ಏನಿಲ್ಲ. ಮೊದಲ ಧೂಳ ತೆಗೀರಿ." ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಅವ್ವನ ಮುಖ ಪೂರಾ ಬರಲಿ. ಕೇಳೋದಿದ್ರ ಅಕಿ ಮುಂದನ ಕೇಳ್ರಿ."