ಸೆಲ್ ಇಲ್ಲದ ಪೆಟ್ಟಿಗೆ

ರವೀಂದ್ರನಗರದ ಆ ಕೋಣೆಯಲ್ಲಿ ಸುಡದೆ ಉಳಿದದ್ದು ಗೋಡೆ ಮಾತ್ರ. ನಿವೃತ್ತ ಸಂಸ್ಕೃತ ಮೇಷ್ಟ್ರು ಜನಾರ್ದನ ಭಟ್ಟರ ಹೆಣವನ್ನು ಆಗಲೇ ಸಾಗಿಸಿದ್ದರು. ಕಿಟಕಿಯ ಬಳಿ ಒಂದು ಕರಗಿದ ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೆ ಅಂಟಿಕೊಂಡ ಚಾರ್ಜರ್ ತಂತಿ.

“ಮಾವ ಕಾವ್ಯವಾಚನ ಕೇಳೋ ಪೆಟ್ಟಿಗೆ,” ಭಟ್ಟರ ಸೋದರಳಿಯ ಪ್ರಣವ ಎಸ್‌ಐ ಕವನಾಗೆ ಹೇಳಿದ. “ರಾತ್ರಿ ನಾನು ಹೊರಡುವಾಗಲೂ ಚಾರ್ಜಿಗೆ ಹಾಕ್ಕೊಂಡು ಕೇಳ್ತಾನೇ ಇದ್ರು. ನೀಲಿ ದೀಪ ಹತ್ತಿತ್ತು, ಪಕ್ಕದಲ್ಲಿ ಕೆಂಪು ಮಿಣಮಿಣ ಅಂತಿತ್ತು. ಅಪಾಯ ಅಂತ ಆಗಲೇ ತಿಳೀಬೇಕಿತ್ತು ಮೇಡಂ.”

ಪೆಟ್ಟಿಗೆ ಮಾಡಿಕೊಟ್ಟವನು ಭದ್ರಾವತಿ ನ್ಯೂ ಟೌನಿನ ಸುದೀಪ್. ಇಂಥವನ್ನು ಜೋಡಿಸುವುದು ಅವನ ಹುಚ್ಚು. ಸಂಜೆಯೊಳಗೆ ಅವನು ಲಾಕಪ್ಪಿನಲ್ಲಿದ್ದ.

*

“ಅಗ್ಗದ ಚಾರ್ಜಿಂಗ್ ಬೋರ್ಡು, ಹಳೇ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ಲು. ಪಾಪದ ಮೇಷ್ಟ್ರಿಗೆ ಪಟಾಕಿ ಕಟ್ಟಿಕೊಟ್ಟಿದಾನೆ ಮಾರಾಯ್ತಿ,” ಎಂದರು ಇನ್ಸ್‌ಪೆಕ್ಟರ್ ಶಿವರಾಜ್. “ನಾಳೆ ಕೋರ್ಟಿಗೆ ಕಳಿಸಿ ಕೈ ತೊಳ್ಕೊ.”

ಕವನಾ ಕಿಟಕಿಯಿಂದ ಹೊರಗೆ ನೋಡಿದಳು. ಸುದೀಪನ ತಾಯಿ ಪುಷ್ಪಾ ಠಾಣೆಯ ಮೆಟ್ಟಿಲ ಮೇಲೆ ಕುಳಿತೇ ಇದ್ದಳು. ನೀರು ಕೊಟ್ಟರೂ ಮುಟ್ಟಿರಲಿಲ್ಲ.

ಕವನಾಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಬೂದಿಯನ್ನೆಲ್ಲ ಜರಡಿ ಹಿಡಿದರೂ ಸೆಲ್ ಸಿಕ್ಕಿರಲಿಲ್ಲ. ಸಿಡಿದಿರಬಹುದು. ಆದರೆ ಅದರ ಕವಚ ಉಕ್ಕಿನದು. ಉಕ್ಕು ಬೂದಿಯಾಗುತ್ತದೆಯೇ?

ಸುದೀಪನ ಮನೆಯಿಂದ ತಂದ ಅಂಥದೇ ಬೋರ್ಡಿಗೆ ಸೆಲ್ ಸೇರಿಸಿ ಚಾರ್ಜರ್ ಚುಚ್ಚಿದಳು. ಕೆಂಪು ದೀಪ ಅಲುಗದೆ ಉರಿಯಿತು. ಪೂರ್ತಿ ತುಂಬಿದ ಸೆಲ್ ಇಟ್ಟಳು. ಕೆಂಪು ಆರಿ ನೀಲಿ ಬಂತು. ಸೆಲ್ಲನ್ನೇ ಕಿತ್ತಳು.

ನೀಲಿ ಹಾಗೇ ಇತ್ತು. ಪಕ್ಕದಲ್ಲಿ ಕೆಂಪು ಮಿಣಮಿಣ ಎನ್ನತೊಡಗಿತು.

*

“ಸೆಲ್ಲಾ? ನನ್ನ ಹತ್ರ ಇದೆಯಲ್ಲ,” ಎಂದರು ಭಟ್ಟರ ಪಕ್ಕದ ಮನೆಯ ಸೀತಮ್ಮ. “ಮೊನ್ನೆ ದಾಯಾದಿ ತೀರಿಕೊಂಡು ಭಟ್ಟರಿಗೆ ಸೂತಕ ಬಂತು. ‘ಶುದ್ಧ ಆಗೋ ತನಕ ಪದ್ಯ ಕೇಳಬಾರದು. ಆದ್ರೆ ಈ ಕಿವಿ ನನ್ನ ಮಾತು ಕೇಳಲ್ಲ ಸೀತಮ್ಮ, ಇದನ್ನ ನೀವೇ ಇಟ್ಕೊಳ್ಳಿ’ ಅಂದ್ರು. ಮೈಲಿಗೆ ಅಂತ ಕೈಗೂ ಕೊಡಲಿಲ್ಲ, ಕಾಂಪೌಂಡ್ ಮೇಲಿಟ್ಟು ಹೋದ್ರು.”

*

“ಆ ರಾತ್ರಿ ನಿಮ್ಮ ಮಾವ ಪದ್ಯ ಕೇಳ್ತಿರಲಿಲ್ಲ ಪ್ರಣವ,” ಎಂದಳು ಕವನಾ. “ಅವರಿಗೆ ಸೂತಕ. ನೀವು ತಂಗಿ ಮಗ, ನಿಮಗೆ ತಟ್ಟಲ್ಲ. ಹಾಗಾಗಿ ನೆನಪೂ ಇರಲಿಲ್ಲ. ಸೆಲ್ ಇಲ್ಲದ ಪೆಟ್ಟಿಗೇನ ಅವರ್ಯಾಕೆ ಚಾರ್ಜಿಗೆ ಹಾಕ್ತಾರೆ? ಹಾಕಿದ್ದು ನೀವು, ಬೆಂಕಿ ಅದರಿಂದಲೇ ಹತ್ತಿತು ಅನ್ನಿಸೋಕೆ. ದೀಪ ಹತ್ತಿತು, ಸರಿಯಾಗಿದೆ ಅಂದ್ಕೊಂಡ್ರಿ. ಹಾಗೆ ಮಿಣುಕೋದು ಸೆಲ್ ಇಲ್ಲದಿದ್ದಾಗ ಮಾತ್ರ. ಇಲ್ಲದ ಸೆಲ್ ಸಿಡಿಯಲ್ಲ. ಹಾಸಿಗೆ ಬೂದೀಲಿ ಪೆಟ್ರೋಲ್ ಇದೆ ಅಂತ ಲ್ಯಾಬಿನವರೂ ಹೇಳಿದಾರೆ.”



“ಮನೇನ ಕಾವ್ಯವಾಚನದ ಸಂಘದೋರಿಗೆ ಬರೆದುಕೊಡ್ತೀನಿ ಅಂದ್ರು. ನಾನೇನು ಬೀದೀಲಿ ಬಿದ್ದಿರಬೇಕಿತ್ತಾ?” ಎಂದ ಪ್ರಣವ. “ನಿದ್ದೆ ಮಾತ್ರೆ ಕೊಟ್ಟಿದ್ದೆ. ಅವರಿಗೆ ಗೊತ್ತೇ ಆಗಿರಲ್ಲ.”

“ಹೆಣ ಸಿಕ್ಕಿದ್ದು ಹಾಸಿಗೆ ಮೇಲಲ್ಲ. ಹೊಸ್ತಿಲ ಹತ್ರ.”

ಅವಳೇ ಹೋಗಿ ಲಾಕಪ್ಪಿನ ಬೀಗ ತೆಗೆದಳು. ಸುದೀಪ್ ಎದ್ದು ನಿಂತ. ಬಿಡುಗಡೆಯ ಮಾತನ್ನೇ ಅವನು ಎತ್ತಲಿಲ್ಲ.

“ನನ್ನ ಪೆಟ್ಟಿಗೆಯಿಂದ ಅಲ್ಲ ತಾನೇ ಮೇಡಂ?”

“ಅಲ್ಲ ಕಣೋ,” ಎಂದಳು ಕವನಾ. “ಹೋಗು, ನಿಮ್ಮಮ್ಮನಿಗೆ ಮೊದಲು ನೀರು ಕುಡಿಸು.”